ಪುರಿ ತಿನ್ನದ ಮೀನು

ಗಿರಿಜಾಂಬಾ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದರೆಂದರೆ ಮಹಾನಂದಳ ಎದೆ ಡವಡವ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಅತ್ತೆ ನೇರವಾಗಿ ಮೀನಿನ ತೊಟ್ಟಿಯ ಹತ್ತಿರ ಹೋಗುವರು, ಸೆರಗಿನ ತುದಿಯಿಂದ ಗಾಜು ಒರೆಸುವರು, ಮೂಗು ತಾಗುವಷ್ಟು ಬಗ್ಗುವರು.

"ವೃಷಭೇಂದ್ರ ಹೇಗಿದಾನೆ ನೋಡೇ."

"ಚೆನ್ನಾಗಿದಾರೆ ಅತ್ತೆ. ಅಗೋ, ಕಲ್ಲಿನ ಪಕ್ಕ ಓಡಾಡ್ತಿದಾರೆ."

"ನನ್ನ ಕಣ್ಣು ಮಂಜು. ನೀನು ಸರಿಯಾಗಿ ನೋಡು. ಕೆನ್ನೆ ಮೇಲೆ ಕರೀ ಮಚ್ಚೆ ಇದೆಯಲ್ಲ, ಅದೇ ತಾನೆ?"

"ಅವರೇ ಅತ್ತೆ."

ಆಗ ಗಿರಿಜಾಂಬಾ ಉಸಿರು ಬಿಟ್ಟು ಅಡುಗೆಮನೆಗೆ ಹೋಗುವರು. ಅವರ ಹಿರಿಮಗ ವೃಷಭೇಂದ್ರಪ್ಪ ಎದೆಯ ಕಾಯಿಲೆಯಾಗಿ ಊರಾಚೆಯ ಸ್ಯಾನಿಟೋರಿಯಂ ಸೇರಿದಾಗಿನಿಂದ ಶಂಕರಪುರಂನ ಆ ಮನೆಯಲ್ಲಿ ದಿನ ಬೆಳಗಾಗುತ್ತಿದ್ದುದೇ ಹೀಗೆ. ಮೀನು ಈಜಾಡುತ್ತಿದ್ದರೆ ಮಗ ಕ್ಷೇಮ. ಅದೊಂದು ದಿನ ತಳ ಹಿಡಿದು ಮಂಕಾಗಿ ಕೂತಿದ್ದಕ್ಕೆ ಅವರು ಮಧ್ಯಾಹ್ನದವರೆಗೂ ಬಾಯಿಗೆ ನೀರು ಹಾಕಿರಲಿಲ್ಲ.

ತೊಟ್ಟಿ ತಂದವನೂ ಆ ಮಗನೇ. ಇಂಗ್ಲಿಷರು ಗಂಟುಮೂಟೆ ಕಟ್ಟಿದ ವರ್ಷ ದಂಡು ಪ್ರದೇಶದಲ್ಲಿ ಯಾವನೋ ದೊರೆಯ ಮನೆ ಸಾಮಾನು ಹರಾಜಾಗುತ್ತಿತ್ತು. ಉಳಿದವರು ಸೋಫಾ, ಬೀರು, ಗ್ರಾಮಫೋನು ಅಂತ ಹೊತ್ತುಕೊಂಡು ಹೋದರೆ ವೃಷಭೇಂದ್ರಪ್ಪ ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯನ್ನು ಜಟಕಾದಲ್ಲಿಟ್ಟುಕೊಂಡು ಬಂದಿದ್ದ. ತರಗುಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಅಪ್ಪ ಏಕಾಂತಯ್ಯ ಬಾಗಿಲಲ್ಲೇ ತಡೆದಿದ್ದರು.

"ಲಿಂಗವಂತರ ಮನೇಲಿ ಮೀನೇನಯ್ಯ?"

"ತಿನ್ನೋಕಲ್ಲ ಅಪ್ಪಾಜಿ, ನೋಡೋಕೆ."

"ನೋಡಿ ಆದ್ಮೇಲೆ?"

"ಮತ್ತೆ ನೋಡೋಕೆ."

ಅವರಿಗೂ ನಗು ಬಂದುಬಿಟ್ಟಿತ್ತು. ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ ಸಣ್ಣ ಕೆಂಪು ಮೀನುಗಳು ಬಂದವು. ಡೊಳ್ಳುಹೊಟ್ಟೆಯದು ಅಪ್ಪಾಜಿ, ಸದಾ ಎಲ್ಲರನ್ನೂ ತಳ್ಳಿಕೊಂಡು ತಿರುಗುವುದು ಅಮ್ಮ, ಬಾಲ ಬೆಳ್ಳಗಿರುವುದು ಹೆಂಡತಿ ಶಿವಕುಮಾರಿ, ನಿದ್ದೆಬುರುಕ ತಮ್ಮ ಪರಮಶಿವಯ್ಯ, ಮಚ್ಚೆಯದು ತಾನು. ಸುತ್ತ ಕಾಳಿನಷ್ಟು ಪುಟಾಣಿ ಮೀನುಗಳ ಗುಂಪು. ಅವಕ್ಕೆ ಹೆಸರಿಲ್ಲ.

ವೈಶಾಖದಲ್ಲಿ ತಮ್ಮನ ಮದುವೆಯಾಯಿತು. ತಿಪಟೂರಿನ ಹುಡುಗಿ ಮಹಾನಂದ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಕಾಲಿನಿಂದ ತಳ್ಳಿ ಒಳಗೆ ಬಂದಳು. ವಾರದೊಳಗೆ ಭಾವ ಅವಳನ್ನು ತೊಟ್ಟಿಯ ಮುಂದೆ ಕರೆದರು.

"ನಿನಗೂ ಒಂದು ಮೀನು ಬೇಕಲ್ಲಮ್ಮ. ನೀನೇ ಆರಿಸ್ಕೊಂಡು ಬಾ. ಆದ್ರೆ ಬಣ್ಣ ನೋಡಿ ಮರುಳಾಗ್ಬೇಡ, ಬಾಯಿ ನೋಡು. ಬಾಯಿ ದೊಡ್ಡದಾ, ಬಿಟ್ಟುಬಿಡು. ಇವುಗಳ ಗಾತ್ರದ್ದೇ ಆಗಿರ್ಬೇಕು, ಇವು ತಿನ್ನೋದನ್ನೇ ತಿನ್ಬೇಕು. ಆಗ ಒಂದೇ ನೀರಲ್ಲಿ ಬಾಳ್ವೆ ಮಾಡ್ತವೆ."

"ನಂಗೆ ಹೆಣ್ಣು ನೋಡೋವಾಗ ಹೇಳ್ಬೇಕಿತ್ತು ಅಣ್ಣ, ಬಾಯಿ ನೋಡು ಅಂತ," ಎಂದ ಪರಮಶಿವಯ್ಯ.

"ನೋಡಿದ್ರೆ ಏನ್ ಮಾಡ್ತಿದ್ರಿ?" ಎಂದಳು ಮಹಾನಂದ. ಮನೆಯೆಲ್ಲ ನಕ್ಕಿತು. ಆ ಮನೆ ಹಾಗೆ ನಕ್ಕದ್ದು ಆಮೇಲೆ ಅವಳಿಗೆ ನೆನಪಿಲ್ಲ.

ಗವಿ ಗಂಗಾಧರೇಶ್ವರನಿಗೆ ಕೈಮುಗಿದು ಗಂಡನೊಂದಿಗೆ ಇಳಿದು ಬರುವಾಗ ಕೆಂಪಾಂಬುಧಿ ಕೆರೆಯ ಏರಿಯ ಮೇಲೆ ಒಬ್ಬ ಮಡಕೆ ಇಟ್ಟುಕೊಂಡು ಕೂತಿದ್ದ. ಮಡಕೆಯ ತುಂಬ ಬೆಂಕಿಯ ಕಿಡಿಗಳಂಥ ಮರಿಗಳು. ಕಿತ್ತಳೆ ಮೈ, ಪಕ್ಕೆಯಲ್ಲಿ ಕಪ್ಪು ಗೆರೆ. ಮಹಾನಂದಳ ಕಾಲುಗಳು ಅಲ್ಲೇ ನಿಂತವು.

"ತಗೊಳ್ಳಿ ಅವ್ವ," ಎಂದ ಅವನು. "ಭಾರೀ ಗಟ್ಟಿ ಜೀವ. ಬಾವಿಗೆ ಬಿಟ್ರೆ ವರ್ಷದಲ್ಲಿ ಮೊಳದುದ್ದ ಬೆಳೀತದೆ. ಮುಳ್ಳೂ ಕಮ್ಮಿ."

"ಮುಳ್ಳು ಕಮ್ಮಿಯಂತೆ," ಎಂದ ಪರಮಶಿವಯ್ಯ ಸಮಾಧಾನದಿಂದ. "ನೀರು ಬದಲಾಯ್ಸೋವಾಗ ಕೈಗೆ ಚುಚ್ಚಲ್ಲ."

ಹುಟ್ಟಿದಾಗಿನಿಂದ ಮೀನು ಬೇಯುವ ವಾಸನೆಯನ್ನೂ ಹತ್ತಿರ ಬಿಟ್ಟುಕೊಳ್ಳದ ಇಬ್ಬರು, ಹಣೆಯಲ್ಲಿ ವಿಭೂತಿ ಇಟ್ಟುಕೊಂಡು, ಅವನ ಮಾತಿಗೆ ತಲೆದೂಗಿದರು. ಬಾಯಿ ನೋಡಬೇಕೆಂಬುದು ಮಹಾನಂದಳಿಗೆ ನೆನಪಿತ್ತು, ಬಗ್ಗಿ ನೋಡಿಯೂ ನೋಡಿದಳು. ಕಿರುಬೆರಳಿನ ಅರ್ಧವೂ ಇಲ್ಲದ ಮರಿಯ ಬಾಯಿ ಎಷ್ಟು ಕಂಡೀತು? ತೊಟ್ಟಿಗೆ ಬಿಟ್ಟಾಗ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಚೆಂದದ್ದು ಅವಳದೇ ಆಗಿತ್ತು.

ಆಷಾಢ ಕಳೆಯುವಷ್ಟರಲ್ಲಿ ಭಾವ ಕೆಮ್ಮಿದ ಕರ್ಚೀಫಿನಲ್ಲಿ ರಕ್ತ ಕಾಣಿಸಿತು.

ಅವರನ್ನು ಸ್ಯಾನಿಟೋರಿಯಂಗೆ ಸೇರಿಸಿ ಬಂದ ಸಂಜೆ ಪಕ್ಕದ ಮನೆ ವಿಶಾಲಮ್ಮನ ಹತ್ತಿರ ಅತ್ತೆ ಜಗುಲಿಯಲ್ಲಿ ಮಾತಾಡುತ್ತಿದ್ದುದು ಮಹಾನಂದಳ ಕಿವಿಗೆ ಬಿತ್ತು. "ಮೂವತ್ತು ವರ್ಷ ನೆಗಡಿ ಅಂದವನಲ್ಲ ನನ್ನ ಮಗ. ಯಾರು ಬಂದ ಕಾಲ್ಗುಣವೋ, ನಾನ್ಯಾಕೆ ಬಾಯ್ಬಿಟ್ಟು ಹೇಳ್ಲಿ?" ಅಂದಿನಿಂದ ಮಹಾನಂದ ಮನೆಯೊಳಗೆ ಕಾಲುಂಗುರದ ಸದ್ದೂ ಆಗದ ಹಾಗೆ ನಡೆಯತೊಡಗಿದಳು. ಇನ್ನೊಂದು ಕೆಟ್ಟದ್ದಾದರೆ ತವರಿನ ರೈಲು ಹತ್ತಿಸುತ್ತಾರೆ ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು.

ಒಂದು ವಿಷಯದಲ್ಲಿ ಮಾತ್ರ ಅತ್ತೆ ಅವಳ ಪರ. ಆ ಮೀನಿನ ವಿಷಯ.

"ನೋಡ್ರೀ ಇಲ್ಲಿ," ಎಂದು ಗಂಡನನ್ನು ಕರೆಯುವರು. "ಮಿಕ್ಕವೆಲ್ಲ ಪುರಿ ಹಾಕಿದ್ರೆ ಮುಗಿಬೀಳ್ತವೆ. ಮಹಾನಂದನ ಮೀನು ಮೂಸಿಯೂ ನೋಡಲ್ಲ. ಅನ್ನ ಹಾಕಿದ್ರೂ ಇಲ್ಲ. ಉಪವಾಸ ಇದ್ದೇ ಬೆಳೀತಾ ಇದೆ. ಯಾವ ಜನ್ಮದ ಪುಣ್ಯವೋ ಅದಕ್ಕೆ!"

"ಒಳ್ಳೇದಾಯ್ತು. ರೇಷನ್ ಅಕ್ಕೀಲಿ ಮೀನಿಗೂ ಪಾಲು ಕೊಡೋದು ಅಂದ್ರೆ!" ಎನ್ನುವರು ಏಕಾಂತಯ್ಯ.

ಮೀನು ಬೆಳೆಯಿತು. ಬೆಳೆಯುತ್ತ ಬೆಳೆಯುತ್ತ ಕಿತ್ತಳೆ ಬಣ್ಣ ಇಳಿಯಿತು, ಮೈ ಕೆಸರಿನ ಬಣ್ಣಕ್ಕೆ ತಿರುಗಿತು, ತಲೆ ಚಪ್ಪಟೆಯಾಗಿ ಹಾವಿನ ಹೆಡೆಯ ಹಾಗೆ ಕಾಣತೊಡಗಿತು. ಗಳಿಗೆಗೊಮ್ಮೆ ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ ಹೋಗುವುದು. ಆ ಬಾಯಿ ಈಗ ಚೆನ್ನಾಗಿಯೇ ಕಾಣುತ್ತಿತ್ತು.

ಹೆಸರಿಲ್ಲದ ಪುಟಾಣಿಗಳು ದಿನೇದಿನೇ ಕಡಿಮೆಯಾದವು. "ಬೆಕ್ಕು ಕೈ ಹಾಕ್ತಿದೆ," ಎಂದು ಪರಮಶಿವಯ್ಯ ತೊಟ್ಟಿಯ ಮೇಲೆ ಹಲಗೆ ಮುಚ್ಚಿದ. ಹಲಗೆ ಮುಚ್ಚಿದ ಮೇಲೂ ಕಡಿಮೆಯಾದವು. ಮಹಾನಂದ ಯಾರಿಗೂ ಏನೂ ಹೇಳಲಿಲ್ಲ. ಅವಳಿಗೆ ಅತ್ತೆಯ ಮಾತಿನಲ್ಲೇ ನಂಬಿಕೆ ಇಡಬೇಕೆನಿಸುತ್ತಿತ್ತು. ಪುಣ್ಯದ ಮೀನು. ಉಪವಾಸದ ಮೀನು.

ಅದೊಂದು ಭಾನುವಾರ ಸ್ಯಾನಿಟೋರಿಯಂನಿಂದ ಮಾವ, ಓರಗಿತ್ತಿ ಶಿವಕುಮಾರಿ ವಾಪಸು ಬಂದು ಎಲೆಯ ಮುಂದೆ ಕೂತಿದ್ದರು. ಮುದ್ದೆ, ಸೊಪ್ಪಿನ ಸಾರು. ಏಕಾಂತಯ್ಯ ಮುದ್ದೆ ಮುರಿದು ಎಲೆಯಲ್ಲೇ ಬಿಟ್ಟರು.

"ಡಾಕ್ಟರು ಮತ್ತೆ ಅದನ್ನೇ ಅಂದ್ರು. ಮೈ ತುಂಬ್ಕೊಳ್ತಾ ಇಲ್ವಂತೆ. ಮೊಟ್ಟೆ ಬೇಡ ಅಂದ್ರೆ ಬೇಡ, ಮೀನೆಣ್ಣೆ ಆದ್ರೂ ದಿನಾ ಎರಡು ಚಮಚ ಕೊಡಿ ಅಂತ."

ಗಿರಿಜಾಂಬಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದರು. "ಕೊರಳಲ್ಲಿ ಲಿಂಗ ಇಟ್ಕೊಂಡವನ ಹೊಟ್ಟೆಗೆ ಮೀನೆಣ್ಣೆನಾ?"

"ಔಷಧಿ ಕಣೇ ಅದು."

"ಸೀಸೇಲಿ ತುಂಬಿದ್ರೆ ಔಷಧಿ ಆಗ್ಬಿಡುತ್ತಾ? ಹಾಲು ಕೊಡ್ತೀನಿ, ತುಪ್ಪ ಕೊಡ್ತೀನಿ, ನನ್ನ ಕಿವಿಯೋಲೆ ಮಾರಿ ಬಾದಾಮಿ ತರಿಸ್ತೀನಿ. ಅದು ಮಾತ್ರ ಆಗಲ್ಲ."

"ಅಮ್ಮ, ಅಣ್ಣ ಉಳೀಬೇಕೋ ಬೇಡ್ವೋ?" ಎಂದ ಪರಮಶಿವಯ್ಯ.

"ಉಳೀಬೇಕು ಅಂತಲೇ ಹೇಳ್ತಿರೋದು! ಆಚಾರ ಬಿಟ್ಟವರನ್ನ ಶಿವ ಯಾಕೋ ಕಾಯ್ತಾನೆ? ಆ ಎಣ್ಣೆ ಅವನ ನಾಲಿಗೆಗೆ ತಾಗಿದ ದಿನ ನಾನು ಅವನ ಆಸೆ ಬಿಟ್ಟ ಹಾಗೆ."

ಶಿವಕುಮಾರಿ ತಲೆ ಎತ್ತಲಿಲ್ಲ. ಮುದ್ದೆಯನ್ನು ಉರುಳಿಸುತ್ತಿದ್ದ ಅವಳ ಬೆರಳು ಮಾತ್ರ ನಿಂತಿತು.

ಅದಾದ ಮೇಲೆ ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ಅತ್ತೆ ಒಳಗೆ ಮಲಗಿದ್ದರು, ಶಿವಕುಮಾರಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಹಾನಂದ ಪಡಸಾಲೆ ಒರೆಸುತ್ತ ತೊಟ್ಟಿಯ ಹತ್ತಿರ ಬಂದಳು. ಮಚ್ಚೆಯ ಮೀನು ಗಿಡದ ಎಲೆ ಕಚ್ಚಿಕೊಂಡು ಆಡುತ್ತಿತ್ತು. ಅವಳ ಮೀನು ಕಲ್ಲಿನ ನೆರಳಲ್ಲಿ ಕದಲದೆ ನಿಂತಿತ್ತು. ನೋಡನೋಡುತ್ತ ಕಲ್ಲಿನ ನೆರಳು ಖಾಲಿಯಾಯಿತು, ಗಿಡ ಅಲುಗಾಡಿತು. ಅವಳ ಮೀನಿನ ಬಾಯಿಯಿಂದ ಕೆಂಪು ಬಾಲವೊಂದು ಹೊರಗೆ ಚಾಚಿ ಎರಡು ಸಲ ಒದ್ದಾಡಿತು. ಆಮೇಲೆ ಬಾಲವೂ ಒಳಗೆ ಹೋಯಿತು.

ಮಹಾನಂದಳ ಕೈಯಿಂದ ಒರೆಸುವ ಬಟ್ಟೆ ಜಾರಿತು. ಹಲಗೆ ತೆಗೆದು ಕೈ ಹಾಕಿದಳು, ಅದರ ಬಾಯಿಯಿಂದ ಭಾವನನ್ನು ಎಳೆದು ತೆಗೆಯಬಹುದೇನೋ ಎಂಬಂತೆ. ಲೋಳೆ ಮೈ ಬೆರಳ ಸಂದಿಯಿಂದ ನುಣುಚಿಕೊಂಡು ಹೋಯಿತು.

ಸಂಜೆ ಮಂಡಿಯಿಂದ ಬಂದ ಗಂಡನಿಗೆ ನೀರು ಕೊಡುವಾಗ ಪಿಸುಗುಟ್ಟಿದಳು.

ಪರಮಶಿವಯ್ಯ ಮೊದಲು ನಕ್ಕ. "ಮೀನು ಮೀನನ್ನ ತಿಂತು, ಅಷ್ಟೇ ತಾನೆ?" ಆಮೇಲೆ ಯಾವ ಮೀನು ಎಂದು ಕೇಳಿದ. ಅವಳು ಹೇಳಿದಳು. ಅವನ ಮುಖದ ನಗು ಹೋಯಿತು. "ಅಮ್ಮಂಗೆ ಹೇಳ್ಬೇಡ," ಎಂದವನೇ ನೀರನ್ನೂ ಕುಡಿಯದೆ ಎದ್ದು ಹೋದ.

ಬೆಳಗಾಯಿತು. ಪೂಜೆಯ ಗಂಟೆ ನಿಂತಿತು. ಅತ್ತೆ ಬಂದರು, ಗಾಜು ಒರೆಸಿದರು, ಬಗ್ಗಿದರು. ಮಹಾನಂದ ಕಂಬ ಹಿಡಿದುಕೊಂಡು ನಿಂತಿದ್ದಳು.

"ವೃಷಭೇಂದ್ರ ಹೇಗಿದಾನೆ ನೋಡೇ."

ಅವಳು ಬಾಯಿ ತೆರೆಯುವ ಮೊದಲೇ ಅತ್ತೆಯ ಮುಖ ಅರಳಿತು. "ಓ, ಇಲ್ಲೇ ಇದಾನಲ್ಲ! ನನ್ನ ಕಣ್ಣಿಗೇ ಕಂಡ್ಬಿಟ್ಟ ಇವತ್ತು."

ಮಹಾನಂದ ನೋಡಿದಳು. ಕೆಂಪು ಮೈ, ಕೆನ್ನೆಯ ಮೇಲೆ ಕರೀ ಮಚ್ಚೆ. ಮೀನು ಆರಾಮವಾಗಿ ಪುರಿ ತಿನ್ನುತ್ತಿತ್ತು. ಕಣ್ಣಾರೆ ಕಂಡದ್ದು ಸುಳ್ಳೇ? ಇಲ್ಲವೆ, ನುಂಗಿದ್ದನ್ನು ಅದು ಮತ್ತೆ ಕಕ್ಕಿತೇ? ಮೀನು ತಿರುಗಿತು. ಮಚ್ಚೆ ಇದ್ದುದು ಬಲಗೆನ್ನೆಯಲ್ಲಿ. ಭಾವನದು ಎಡಗೆನ್ನೆಯಲ್ಲಿತ್ತು.

ಮಧ್ಯಾಹ್ನ ಇಬ್ಬರು ಸೊಸೆಯರೂ ಮೊರದ ಎದುರು ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಚಿಳ್ಳೆಂದು ಬೇಳೆ ಹಾರುತ್ತಿತ್ತು, ಸಿಪ್ಪೆ ಗುಡ್ಡೆಯಾಗುತ್ತಿತ್ತು. ಅತ್ತೆ ವಿಶಾಲಮ್ಮನ ಮನೆಗೆ ಹೋಗಿದ್ದರು.

"ಅಕ್ಕ," ಎಂದಳು ಮಹಾನಂದ. "ಭಾವನ ಮಚ್ಚೆ ಎಡಗಡೆ ಇತ್ತಲ್ವಾ?"

ಶಿವಕುಮಾರಿಯ ಕೈಯಿಂದ ಬೇಳೆ ಹಾರಿ ಎಲ್ಲೋ ಬಿತ್ತು.

"ಗೊತ್ತಾಗ್ಬಿಡ್ತಾ ನಿನಗೆ?"

"ನೀವೇನಾ ತಂದಿದ್ದು?"

"ನಿನ್ನೆ ಸಂಜೆ ದೀಪ ಹಚ್ಚೋಕೆ ಹೋದಾಗ ನೋಡ್ದೆ, ಇರ್ಲಿಲ್ಲ. ದೇವಸ್ಥಾನಕ್ಕೆ ಹೋಗ್ತೀನಿ ಅಂತ ಹೇಳಿ ಮಾರ್ಕೆಟ್ ಹತ್ರ ಬಾಟ್ಲಿ ಮೀನಿನ ಅಂಗಡಿಗೆ ಓಡ್ದೆ. ಎಡಗಡೆ ಮಚ್ಚೆ ಇರೋದು ಮುಗಿದುಹೋಗಿತ್ತು."

"ಮುಗಿದುಹೋಗಿತ್ತು ಅಂದ್ರೆ?"

"ಇದು ಮೂರನೇದು ಮಹಾನಂದ." ಶಿವಕುಮಾರಿ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ದೀಪಾವಳಿ ಆದ್ಮೇಲೆ ನನ್ನ ಗಂಡ ಮೂರು ಸಲ ಹೋಗಿದಾರೆ. ಮೂರು ಸಲ ತಂದು ಬಿಟ್ಟಿದೀನಿ."

ಶಿವಕುಮಾರಿ ಹತ್ತಿರ ಸರಿದು ಮಹಾನಂದಳ ಮಣಿಕಟ್ಟು ಹಿಡಿದಳು. ಅವರೆಸಿಪ್ಪೆಯ ಅಂಟು ಕೈ.

"ಯಾಕೆ ಹೀಗಾಗ್ತಿದೆ ಅಂತ ನಂಗೊತ್ತು. ನಾನು ಅವರಿಗೆ ಮೀನೆಣ್ಣೆ ಕುಡಿಸ್ತಿದೀನಿ. ಪ್ರತಿ ಭಾನುವಾರ, ಮಾವ ಡಾಕ್ಟರ ಹತ್ರ ಹೋದಾಗ ಸೀಸೆ ಅವರ ದಿಂಬಿನ ಕೆಳಗೆ ಇಟ್ಟು ಬರ್ತೀನಿ. ಮೊದಲ ಸಲ ಕೊಟ್ಟು ಬಂದ ಮಾರನೇ ದಿನವೇ ಮೊದಲ ಮೀನು ಹೋಯ್ತು. ಅತ್ತೆ ಅಂದ್ರಲ್ಲ, ಶಿವ ಕೈಬಿಡ್ತಾನೆ ಅಂತ. ಮೈ ಬೇರೆ ತುಂಬ್ಕೊಳ್ತಿದೆ ಅವರಿಗೆ. ನಿಲ್ಲಿಸ್ಲಾ? ನಿಲ್ಲಿಸಿದ್ರೆ ಸಾಯ್ತಾರೆ. ಕೊಟ್ರೆ ಇಲ್ಲಿ ಸಾಯ್ತಿದಾರೆ. ಏನ್ ಮಾಡ್ಲಿ ನಾನು?"

ಸುಮ್ಮನಿದ್ದುಬಿಟ್ಟರೆ ಮಹಾನಂದಳ ತಲೆಯ ಮೇಲೆ ಏನೂ ಇಲ್ಲ. ತಪ್ಪು ಎಣ್ಣೆಯದಾಗುತ್ತದೆ, ಓರಗಿತ್ತಿಯದಾಗುತ್ತದೆ. ಅವಳು ಒಂದು ಹಿಡಿ ಕಾಳು ಹಿತುಕುವಷ್ಟು ಹೊತ್ತು ಸುಮ್ಮನೆ ಇದ್ದಳೂ ಕೂಡ. ಆದರೆ ಮಣಿಕಟ್ಟು ಹಿಡಿದ ಆ ಕೈ ಬಿಡುತ್ತಲೇ ಇರಲಿಲ್ಲ.

"ಎಣ್ಣೆಯಿಂದ ಅಲ್ಲ ಅಕ್ಕ. ನನ್ನ ಮೀನು ತಿಂತಿರೋದು. ನಿನ್ನೆ ನೋಡ್ದೆ."

ಕೈ ಬಿಟ್ಟಿತು.

"ನಿಂದಾ?"

"ಹೂಂ."

ಶಿವಕುಮಾರಿ ಎದ್ದು ಪಡಸಾಲೆಗೆ ಹೋದಳು. ಮಹಾನಂದ ಮೊರದ ಮುಂದೆಯೇ ಕೂತಿದ್ದಳು. ಈಗ ಅತ್ತೆಯನ್ನು ಕರೆಯುತ್ತಾಳೆ, ಈಗ ವಿಶಾಲಮ್ಮನ ಮನೆಯ ತನಕ ಕೂಗು ಕೇಳುತ್ತದೆ, ನಾಳೆಯೇ ತಿಪಟೂರು. ಅವಳು ಕಣ್ಣು ಮುಚ್ಚಿಕೊಂಡಳು.

"ಎದ್ದೇಳೇ," ಎಂದಿತು ಶಿವಕುಮಾರಿಯ ದನಿ. "ಅದನ್ನ ಮನೇಲಿ ಇಡೋದು ಬೇಡ. ಸೋಮವಾರ ಗವಿಪುರಕ್ಕೆ ಹೋಗೋಣ, ಪೂಜೆಗೆ ಅಂತ."

ಸೋಮವಾರ ಇಬ್ಬರೂ ತಲೆಗೆ ಸ್ನಾನ ಮಾಡಿ ಹೊರಟರು. ಶಿವಕುಮಾರಿಯ ಕೈಯಲ್ಲಿ ಹೂವಿನ ಬುಟ್ಟಿ, ಮಹಾನಂದಳ ಸೊಂಟದಲ್ಲಿ ಮುಚ್ಚಳ ಮುಚ್ಚಿ ಬಟ್ಟೆ ಬಿಗಿದ ಹಿತ್ತಾಳೆ ತಪ್ಪಲೆ. ಒಳಗೆ ಅದು ಆಗಾಗ ತಲೆಯಿಂದ ಗುದ್ದುತ್ತಿತ್ತು. ಎದುರಿಗೆ ಬಂದ ವಿಶಾಲಮ್ಮ, "ಏನ್ರಮ್ಮ, ಅಭಿಷೇಕಕ್ಕೆ ಹಾಲಾ?" ಎಂದರು.

"ಹೂಂ," ಎಂದಳು ಶಿವಕುಮಾರಿ. ತಪ್ಪಲೆ ಗುದ್ದಿತು. ಇಬ್ಬರೂ ಬಿರಬಿರನೆ ನಡೆದರು.

ಗುಡಿಯ ಇಳಿಜಾರಿನಲ್ಲಿ ಮಹಾನಂದ ಮುಗ್ಗರಿಸಿದಳು. ಬಟ್ಟೆಯ ಗಂಟು ಸಡಿಲವಾಗಿ ಮೀನು ಮಣ್ಣಿಗೆ ಬಿತ್ತು. ಬಿದ್ದದ್ದು ಸಾಯಲಿಲ್ಲ, ಹಾವಿನ ಹಾಗೆ ಮೈ ಹೊರಳಿಸುತ್ತ ದಾರಿಯಲ್ಲಿ ನಡೆದೇ ಹೊರಟಿತು. ಇಬ್ಬರೂ ಚೀರಿ ಹಿಂದೆ ಸರಿದರು. ಸೌದೆ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಹೊರೆ ಇಳಿಸಿ ನಿಂತಳು.

"ಅಯ್ಯೋ, ಕೊರಮೀನು ಕಣ್ರವ್ವ! ಎಷ್ಟು ಕೊಬ್ಬಿದೆ! ಸಾರಿಗೆ ಇದರ ಮುಂದೆ ಬೇರೆ ಮೀನಿಲ್ಲ." ಆಮೇಲೆ ಇಬ್ಬರ ಹಣೆಯ ವಿಭೂತಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ನೀವೂ ತಿಂತೀರಾ? ಹೇಳಲ್ಲ ಬಿಡಿ, ನಾನ್ಯಾರಿಗೂ ಹೇಳಲ್ಲ." ತಾನೇ ಅದರ ಕುತ್ತಿಗೆ ಹಿಡಿದು ತಪ್ಪಲೆಗೆ ಹಾಕಿ ಕೊಟ್ಟಳು.

ಕೆರೆಯ ಏರಿಯಿಂದ ತಪ್ಪಲೆ ಬಗ್ಗಿಸಿದಾಗ ಅದು ಒಂದು ಗಳಿಗೆ ದಡದ ನೀರಿನಲ್ಲೇ ನಿಂತು ಗಾಳಿ ನುಂಗಿತು. ಶಿವಕುಮಾರಿ ಕೈಮುಗಿದಳು. ಮೀನು ಜೊಂಡಿನೊಳಗೆ ಹೋಯಿತು.

"ಅತ್ತೆ ಕೇಳಿದ್ರೆ?" ಎಂದಳು ಮಹಾನಂದ.

"ನಿನ್ನ ಮೀನಿನಂಥದ್ದು ಅಂಗಡೀಲಿ ಸಿಗಲ್ಲ."

"ಕೆರೆಗೆ ಬಿಟ್ವಿ ಅನ್ನೋಣ್ವಾ?"

"ಯಾಕೆ ಬಿಟ್ರಿ ಅಂತಾರೆ. ತಿಂತಿತ್ತು ಅನ್ಬೇಕು. ಯಾರನ್ನ ತಿಂತು ಅಂತಾರೆ." ಶಿವಕುಮಾರಿ ಬೇರೆ ಕಡೆ ನೋಡುತ್ತ ಹೇಳಿದಳು. "ಅಲ್ಲಿಂದ ಎಣ್ಣೆ ಸೀಸೆಗೂ ಬರುತ್ತೆ ಮಾತು."

ಮಹಾನಂದ ತಪ್ಪಲೆ ತೊಳೆದಳು. "ಸತ್ತೋಯ್ತು ಅಂತೀನಿ. ನನ್ನದು ತಾನೆ."

ಮನೆಗೆ ಬಂದಾಗ ಗಿರಿಜಾಂಬಾ ರೊಟ್ಟಿ ತಟ್ಟುತ್ತಿದ್ದರು.

"ಅತ್ತೆ, ನನ್ನ ಮೀನು ಸತ್ತೋಯ್ತು. ಬೆಳಗ್ಗೆ ನೋಡ್ದೆ. ಕೆರೆಗೆ ಹಾಕಿ ಬಂದ್ವಿ."

ಬೈಗುಳಕ್ಕೆ ಅವಳು ಮೈ ಗಟ್ಟಿ ಮಾಡಿಕೊಂಡಿದ್ದಳು. ಬೈಗುಳ ಬರಲಿಲ್ಲ. ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು. ಅವರು ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದರು, ಈಗ ತಾನೇ ಮೊದಲ ಸಲ ನೋಡುವವರ ಹಾಗೆ. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ತಿರುವಿ ಹಾಕಲಿಲ್ಲ.

"ಬಾ ಇಲ್ಲಿ," ಎಂದರು ಕೊನೆಗೆ. "ಕೂತ್ಕೋ. ಬಿಸಿಲಲ್ಲಿ ನಡೆದು ಬಂದಿದೀಯ."

ಅವತ್ತಿನಿಂದ ಭಾರದ ಕೆಲಸ ಅವಳಿಗಿಲ್ಲ. ಬಾವಿ ನೀರು ಸೇದುವಂತಿಲ್ಲ. ಭಾವನಿಗೆಂದು ಎತ್ತಿಡುತ್ತಿದ್ದ ತುಪ್ಪದಲ್ಲಿ ಒಂದು ಚಮಚ ಅವಳ ಅನ್ನಕ್ಕೆ ಬೀಳತೊಡಗಿತು. ಊಟವಾದ ಮೇಲೆ ಅತ್ತೆ ಹಣೆಗೆ ವಿಭೂತಿ ಹಚ್ಚಿ, ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟು ಜ್ವರ ನೋಡುವರು. "ಮಗಳೇ" ಎಂದು ಕರೆಯುವರು. ಮಾವ ಮಂಡಿಗೆ ಹೊರಡುವಾಗ ಅವಳನ್ನು ಒಮ್ಮೆ ನೋಡಿ ಹೋಗುವರು. ಪರಮಶಿವಯ್ಯನಿಗೆ ಎಲ್ಲ ಗೊತ್ತಿದ್ದರೂ ರಾತ್ರಿ ಊಟಕ್ಕೆ ಕೂತಾಗ ಅವಳು ಎಷ್ಟು ತಿಂದಳು ಎಂದು ಓರೆಗಣ್ಣಿನಲ್ಲಿ ಲೆಕ್ಕ ಹಾಕುವನು.

"ನಿಮಗೆ ಗೊತ್ತಲ್ರೀ, ಅದು ಸತ್ತಿಲ್ಲ, ಕೆರೇಲಿ ಚೆನ್ನಾಗಿದೆ ಅಂತ," ಎಂದು ಅವಳು ಕೇಳಿದ್ದಳು.

"ಗೊತ್ತು, ಗೊತ್ತು," ಎಂದಿದ್ದ. "ಸ್ವಲ್ಪ ಹಾಲು ಕುಡಿ."

ಬೈಗುಳವನ್ನಾದರೆ ನುಂಗಿಕೊಳ್ಳಬಹುದಿತ್ತು. ಈ ಅಕ್ಕರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆರೆಯ ಜೊಂಡಿನಲ್ಲಿ ಯಾರದೋ ಗಾಳ ಬಿದ್ದಿರಬಹುದೇ, ಆ ಸೌದೆಯ ಹೆಂಗಸು ಹಿಂದಿರುಗಿ ಹೋಗಿರಬಹುದೇ ಎಂದು ಅವಳಿಗೇ ಯೋಚನೆ ಹತ್ತಿತು.

ಸಂಕ್ರಾಂತಿ ಕಳೆದ ಭಾನುವಾರ ಮಾವ, ಶಿವಕುಮಾರಿ ನಗುನಗುತ್ತ ಬಂದರು. ವೃಷಭೇಂದ್ರಪ್ಪನ ತೂಕ ಏರಿದೆ, ಬೇಸಿಗೆಗೆ ಮನೆಗೆ ಕಳಿಸಬಹುದು ಎಂದಿದ್ದಾರಂತೆ. ಗಿರಿಜಾಂಬಾ ದೇವರಿಗೆ ತುಪ್ಪದ ದೀಪ ಹಚ್ಚಿದರು. ಎಲ್ಲರೂ ಅಡುಗೆಮನೆಯಲ್ಲೇ ಸುತ್ತ ಊಟಕ್ಕೆ ಕೂತರು. ಶಿವಕುಮಾರಿ ಖುಷಿಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ಮೆಣಸಿನಕಾಯಿ ಕೊಂಚ ಜಾಸ್ತಿಯೇ ಹುರಿದಳು. ಘಾಟು ಎದ್ದಿತು.

ಮಹಾನಂದ ಕೆಮ್ಮಿದಳು.

ಮಾವನ ಕೈ ತುತ್ತಿನ ಸಮೇತ ಅರ್ಧಕ್ಕೇ ಉಳಿಯಿತು. ಅವಳು ಬಾಯಿ ಬಿಗಿಹಿಡಿದಳು, ಆಗಲಿಲ್ಲ, ಮತ್ತೆ ಕೆಮ್ಮಿದಳು.

"ಘಾಟು ಅತ್ತೆ," ಎಂದಳು ಶಿವಕುಮಾರಿ. ಅವಳ ದನಿ ಅಗತ್ಯಕ್ಕಿಂತ ಜೋರಾಗಿತ್ತು. "ಬರೀ ಒಗ್ಗರಣೆ ಘಾಟು."

ಗಿರಿಜಾಂಬಾ ಎದ್ದು ಬಂದು ಸೊಸೆಯ ಎದುರು ಮಂಡಿಯೂರಿ ಕೂತರು. ಹೆಗಲ ಮೇಲಿದ್ದ ಪೂಜೆಯ ಬಿಳಿ ಮಡಿಬಟ್ಟೆಯನ್ನು ತೆಗೆದು ಅವಳ ಬಾಯಿಗೆ ಹಿಡಿದರು.

"ಇದರಲ್ಲಿ ಕೆಮ್ಮು ಮಗಳೇ. ಇನ್ನೊಂದು ಸಲ."

ಅವಳು ಕೆಮ್ಮಿದಳು. ಅತ್ತೆ ಬಟ್ಟೆಯನ್ನು ದೀಪದ ಹತ್ತಿರ ಒಯ್ದು ಬಿಡಿಸಿದರು. "ನನ್ನ ಕಣ್ಣು ಮಂಜು, ನೀವು ನೋಡಿ," ಎಂದು ಮಾವನಿಗೆ ಕೊಟ್ಟರು. ಮಾವ ನೋಡಿ ಪರಮಶಿವಯ್ಯನಿಗೆ ಕೊಟ್ಟರು. ಅವನು ನೋಡಿದ. ಶಿವಕುಮಾರಿ ಒಲೆ ಬಿಟ್ಟು ಬಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಏನೂ ಇಲ್ಲ," ಎಂದ ಪರಮಶಿವಯ್ಯ.

"ಕೊಡಿ ಇಲ್ಲಿ," ಎಂದು ಮಹಾನಂದ ಕೈ ಚಾಚಿದಳು. ಬಟ್ಟೆ ಬೆಳ್ಳಗೇ ಇತ್ತು. ಅವಳು ಅದನ್ನು ಮಗುಚಿ ಆ ಬದಿಯನ್ನೂ ನೋಡಿದಳು.